ಹೆಸರು ಬದಲಿಸದ ಪ್ರತಿ

ಒಬ್ಬಳೇ ಐದು ಜನ ನಾನು. ಪ್ರೇಮಕಥೆಗೆ ಒಂದು ಹೆಸರು, ದೆವ್ವದ ಕಥೆಗೆ ಇನ್ನೊಂದು, ಮಕ್ಕಳಿಗೆ ಬೇರೆ, ಚಂದ್ರಲೋಕಕ್ಕೆ ಹೋಗಿ ಬರುವವರಿಗೆ ಮತ್ತೊಂದು. ಕೊಲೆಗೆ ಮಾತ್ರ ಅಪ್ಪ ಅಮ್ಮ ಇಟ್ಟ ಹೆಸರು. ಪ್ರಕಾಶಕರ ಮನೆ ಬಾಗಿಲು ಕಾಯುವ ಗೋಜೇ ಬೇಡವೆಂದು ಬರೆಯುವುದು, ತಿದ್ದುವುದು, ಅಚ್ಚಿಗೆ ಕಳಿಸುವುದು, ಮಾರುವುದು ಎಲ್ಲ ನಾನೇ ಮಾಡಿಕೊಳ್ಳುತ್ತೇನೆ. ಕೆಲವು ಸಲ ಹೊಗಳಿಕೊಳ್ಳುವುದೂ ನಾನೇ, ನಾಚಿಕೆ ಯಾಕೆ! ಹೊಟ್ಟೆಪಾಡಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸವಿದೆ.

ಬರೆಯುವಾಗ ನನಗೊಂದು ಅಭ್ಯಾಸ. ಮೊದಲ ಕರಡಿನಲ್ಲಿ ಪಾತ್ರಗಳಿಗೆ ಗೊತ್ತಿರುವವರ ನಿಜವಾದ ಹೆಸರನ್ನೇ ಇಡುತ್ತೇನೆ. ಆ ಹೆಸರು ಕಣ್ಣೆದುರಿಗಿದ್ದರೆ ಆ ಮನುಷ್ಯ ಹೇಗೆ ಬಾಗಿಲು ತೆಗೆಯುತ್ತಾನೆ, ಹೇಗೆ ಸಿಡುಕುತ್ತಾನೆ ಎಂದು ತಡಕಾಡಬೇಕಾಗಿಲ್ಲ. ಎಲ್ಲ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಹೆಸರೂ ಬದಲು. ನಮ್ಮ ಡಾಕ್ಟರು ಹೀಗೆ ಎರಡು ಸಲ ದೆವ್ವ ಆಗಿದ್ದಾರೆ, ಪಾಪ, ಅವರಿಗೆ ಗೊತ್ತೇ ಇಲ್ಲ.

ಹೊಸ ಕಾದಂಬರಿಯಲ್ಲಿ ಹೆಂಡತಿಯನ್ನು ಕೊಲ್ಲುವ ಗಂಡನಿಗೆ ನಾನು ಇಟ್ಟದ್ದು ಭಾವನ ಹೆಸರು. ಸಾಯುವವಳಿಗೆ ಅಕ್ಕನ ಹೆಸರು. ದ್ವೇಷದಿಂದ ಅಲ್ಲ. ನಮ್ಮ ಭಾವ ಬೆಣ್ಣೆಯಂಥ ಮನುಷ್ಯ. ಒಂದು ದಿನವೂ ಅಕ್ಕನ ಮೇಲೆ ದನಿ ಎತ್ತಿದ್ದು ನಾನು ಕೇಳಿಲ್ಲ. ಅಕ್ಕನಿಗೆ ಮರೆವು ಜಾಸ್ತಿ ಎಂದು ಬೀಗದ ಕೈ ತಾನೇ ಇಟ್ಟುಕೊಳ್ಳುತ್ತಾನೆ, ಅವಳಿಗೆ ಬರುವ ಫೋನಿಗೂ ತಾನೇ ಉತ್ತರ ಕೊಡುತ್ತಾನೆ, ರಾತ್ರಿ ಮಲಗುವ ಮುಂಚೆ ಬಿಸಿ ಹಾಲು ತಂದು ಕೈಗೆ ಕೊಡುತ್ತಾನೆ. ಇಂಥವನನ್ನು ಕೊಲೆಗಾರ ಮಾಡಿದರೆ ಕೊನೆಯವರೆಗೂ ಯಾವ ಓದುಗನಿಗೂ ಅನುಮಾನ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಆ ಹಾಲಿನಲ್ಲಿ ಒಂದು ಮಾತ್ರೆ ಕರಗಿಸಿದ್ದು ಮಾತ್ರ ನನ್ನ ಸ್ವಂತ ಕಲ್ಪನೆ.

ಆ ದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಮುಖಪುಟದವನ ಫೋನು ಬಂತು. ನನ್ನ ಪುಸ್ತಕಗಳಿಗೆಲ್ಲ ಮುಖಪುಟ ಬರೆಯುವ ಹುಡುಗ, ಪ್ರತಿ ಸಲ ಅವನಿಗೊಂದು ಪುಸ್ತಕ ಹೋಗುತ್ತದೆ.

"ಮೇಡಂ, ಪುಸ್ತಕ ಬಂತು, ಚೆನ್ನಾಗಿ ಬಂದಿದೆ. ಆದ್ರೆ ಬೆನ್ನುಡೀಲಿ ಹೀರೋಯಿನ್‌ಗೆ ಒಂದು ಹೆಸರಿದೆ, ಒಳಗಡೆ ಬೇರೆ ಹೆಸರಿದೆಯಲ್ಲ?"

"ಒಳಗಡೆ ಏನಿದೆ?"

ಅವನು ಅಕ್ಕನ ಹೆಸರು ಹೇಳಿದ. ಅಚ್ಚಿಗೆ ಹೋಗಿದ್ದು ಹೆಸರು ಬದಲಿಸದ ಕರಡು! ಎರಡು ಫೈಲನ್ನೂ ಒಂದೇ ಕಡೆ ಇಟ್ಟುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ.

ಇವನಿಗೆ ಹೋಗಿದೆ ಎಂದರೆ ಅಕ್ಕನ ಮನೆಗೂ ಹೋಗಿದೆ. ಹಗಲು ನಾನು ಮನೆಯಲ್ಲಿರುವುದಿಲ್ಲ ಎಂದು ಅಚ್ಚಾದ ಪುಸ್ತಕಗಳ ಪೆಟ್ಟಿಗೆ ಯಾವಾಗಲೂ ಅಲ್ಲಿಗೇ ತರಿಸುತ್ತೇನೆ. ಒಡೆಯುವುದು ಅವಳೇ, ಮೊದಲ ಪ್ರತಿ ಓದುವುದೂ ಅವಳೇ. ಅಮ್ಮ ಹೋದಾಗಿನಿಂದ ನನಗೆ ತಲೆ ಬಾಚಿ, ಅಕ್ಷರ ಕಲಿಸಿ, ಬೆಳೆಸಿದವಳು. ಅವಳನ್ನು ಬಿಟ್ಟರೆ ನನ್ನವರು ಅಂತ ಹೇಳಿಕೊಳ್ಳಲು ಇನ್ನೊಬ್ಬರಿಲ್ಲ. ತನ್ನ ಗಂಡನೇ ತನ್ನನ್ನು ಕೊಲ್ಲುವ ಕಥೆ ತಂಗಿ ಬರೆದಿದ್ದಾಳೆ ಎಂದು ಅವಳು ಓದಿದರೆ, ಆ ಮನೆ ಬಾಗಿಲು ನನಗೆ ಮುಚ್ಚಿದಂತೆಯೇ.

ಅಕ್ಕನ ನಂಬರಿಗೆ ಫೋನು ಮಾಡಿದೆ. ಎತ್ತಿದ್ದು ಭಾವ.

"ಏನಮ್ಮ ಲೇಖಕಿ! ಅವಳ ಫೋನು ನನ್ನ ಹತ್ರಾನೇ ಇದೆ, ಆಫೀಸಿಗೆ ತಂದಿದ್ದೀನಿ. ನಿನ್ನ ಪೆಟ್ಟಿಗೆ ಬಂತಂತೆ, ಕೊರಿಯರ್‌ನವನು ಫೋನ್ ಮಾಡಿದ್ದ."

"ಭಾವ, ಅದರಲ್ಲಿ ಅಚ್ಚಿನ ತಪ್ಪಿದೆ, ಅಕ್ಕ ತೆಗೆಯೋದು ಬೇಡ ಅಂತ..."

"ಅಯ್ಯೋ, ತಪ್ಪಿಲ್ಲದ ಪುಸ್ತಕ ನೀನು ಯಾವಾಗ ಮಾಡಿದ್ದೀಯ?" ಎಂದು ನಕ್ಕ. "ಮಧ್ಯಾಹ್ನ ಊಟಕ್ಕೆ ಹೋಗ್ತೀನಲ್ಲ, ಈ ಸಲ ನಾನೂ ಓದ್ತೀನಿ ಬಿಡು."

ಫೋನು ಇಟ್ಟವಳೇ ಒಳಕ್ಕೆ ಓಡಿದೆ. ಡಾಕ್ಟರು ಒಬ್ಬರ ದವಡೆಯೊಳಗೆ ಅರ್ಧ ಕೈ ಇಟ್ಟುಕೊಂಡಿದ್ದರು.

"ಸರ್, ನಾನು ಮನೆಗೆ ಹೋಗ್ಲೇಬೇಕು."

"ಏನಾಯ್ತು? ಯಾರಿಗಾದ್ರೂ ಹುಷಾರಿಲ್ವಾ?"

"ನಂಗೇ ಬುದ್ಧಿ ಸರಿ ಇಲ್ಲ ಸರ್."

ಬಾಯಿ ತೆರೆದುಕೊಂಡು ಮಲಗಿದ್ದ ರೋಗಿ ಏನೋ ಹೇಳಲು ಹೋಗಿ ಗರಗರ ಎಂದ. ನಾನು ಉತ್ತರಕ್ಕೂ ಕಾಯದೆ ಚೀಲ ಹೆಗಲಿಗೆ ಹಾಕಿಕೊಂಡೆ.

ಬಸ್ಸು ಪ್ರತಿ ತಿರುವಿನಲ್ಲೂ ನಿಂತು ಯಾರ್ಯಾರನ್ನೋ ಹತ್ತಿಸಿಕೊಳ್ಳುತ್ತಿತ್ತು. ಡ್ರೈವರನ ಮೇಲೆ ಬಂದ ಸಿಟ್ಟನ್ನೆಲ್ಲ ಹಲ್ಲು ಕಚ್ಚಿ ನುಂಗಿದೆ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಗಿಣಿಪಾಠ ಮಾಡಿದೆ. ಅಕ್ಕ, ಇದು ಬರೀ ಅಭ್ಯಾಸ. ಡಾಕ್ಟರನ್ನೂ ಹೀಗೇ ಮಾಡ್ತೀನಿ. ಭಾವನಂಥ ಒಳ್ಳೆಯವರು ಇಲ್ಲ ಅಂತಲೇ ಅವರ ಹೆಸರಿಟ್ಟೆ. ತಪ್ಪಾಗಿ ಅಚ್ಚಾಗಿ ಹೋಯ್ತು, ಎಲ್ಲ ಪ್ರತೀನೂ ಸುಟ್ಟುಬಿಡ್ತೀನಿ. ಇಷ್ಟು ಹೇಳಿ ಕಾಲು ಹಿಡಿದರೆ ಅಕ್ಕ ಕ್ಷಮಿಸಬಹುದು. ಆದರೆ ಊಟಕ್ಕೆ ಭಾವ ಬಂದು ಪುಸ್ತಕ ಕೈಗೆತ್ತಿಕೊಳ್ಳುವ ಮೊದಲು ನಾನು ಅಲ್ಲಿರಬೇಕು.

ಮೆಟ್ಟಿಲು ಎರಡೆರಡಾಗಿ ಹತ್ತಿದೆ. ಬೆಲ್ ಒತ್ತಿದೆ. ತುಂಬ ಹೊತ್ತಾದ ಮೇಲೆ ಅಕ್ಕ ಬಾಗಿಲು ತೆಗೆದಳು. ನೈಟಿಯ ಮೇಲೆ ಟವೆಲ್ ಹೊದ್ದಿದ್ದಳು, ನಿದ್ದೆಯ ಮಂಪರು ಇನ್ನೂ ಬಿಟ್ಟಿಲ್ಲ ಎಂದು ಮುಖವೇ ಹೇಳುತ್ತಿತ್ತು. ಅವಳ ಹಿಂದೆ ಅಡುಗೆಮನೆಯ ಮೇಜಿನ ಮೇಲೆ ಪೆಟ್ಟಿಗೆ ಬಾಯಿ ತೆರೆದಿತ್ತು. ಒಂದು ಪುಸ್ತಕ ಅರ್ಧಕ್ಕೆ ತೆರೆದು ಬೋರಲಾಗಿ ಮಲಗಿತ್ತು. ಮುಗಿಯಿತು ಕಥೆ ಎಂದುಕೊಂಡೆ.

"ಅಕ್ಕ, ನಾನು ಹೇಳೋದು ಸ್ವಲ್ಪ ಕೇಳು..."

"ಬಾಗಿಲು ಹಾಕು," ಅಂದಳು.

ಹಾಕಿದೆ. ಬೈಯುತ್ತಾಳೆ ಎಂದು ಕಾದೆ. ಅವಳು ಕುರ್ಚಿ ಎಳೆದು ಕೂತು ಎರಡೂ ಕೈಯನ್ನು ಮೇಜಿನ ಮೇಲಿಟ್ಟಳು.

"ಯಾವಾಗಿಂದ ಗೊತ್ತು ನಿಂಗೆ?"

"ಏನು?"

"ಹಾಲು." ಬೋರಲಾಗಿದ್ದ ಪುಸ್ತಕದ ಮೇಲೆ ಬೆರಳಿಟ್ಟಳು. "ಬೆಳಿಗ್ಗೆ ಎದ್ರೆ ನಾಲಿಗೆ ದಪ್ಪ ಇರತ್ತೆ, ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಾಳೆ ಅಂತ ಬರ್ದಿದ್ದೀಯ. ನಾನು ಯಾರಿಗೂ ಹೇಳಿಲ್ಲ. ಹಾಲು ಕಹಿ ಅಂತ ಅವರಿಗೆ ಒಂದು ಸಲ ಹೇಳಿದ್ದೆ, ನಿನ್ನ ನಾಲಿಗೆ ಸರಿ ಇಲ್ಲ ಅಂದ್ರು. ಮರೆವು ಅಂತಾರೆ. ನಂಗೇನು ಮರೆವಿತ್ತೇ? ನಿನ್ನ ಶಾಲೆಯ ಹಾಜರಿ ನಂಬರು ಕೇಳು, ಈಗಲೂ ಹೇಳ್ತೀನಿ."

ನಾನು ಎದುರಿಗೆ ಕೂತೆ. ಬಸ್ಸಿನಲ್ಲಿ ಕಲಿತ ಪಾಠ ಇಲ್ಲಿ ಯಾವುದಕ್ಕೂ ಒದಗುವಂತಿರಲಿಲ್ಲ.

"ನಾನೇ ಏನೇನೋ ಕಲ್ಪನೆ ಮಾಡ್ಕೋತಿದ್ದೀನಿ ಅಂದ್ಕೊಂಡಿದ್ದೆ," ಅಂದಳು. "ಬೀಗದ ಕೈ ಇಲ್ದೆ ಮನೆ ಬಿಟ್ಟು ಹೋಗೋ ಹಾಗಿಲ್ಲ, ಫೋನಿಲ್ಲ. ಯಾರಿಗೆ ಹೇಳ್ಲಿ? ಹೇಳಿದ್ರೂ ಅಷ್ಟು ಒಳ್ಳೆ ಗಂಡ ಅಂತ ನನ್ನ ಮುಖಕ್ಕೇ ನಗ್ತಾರೆ. ಇವತ್ತು ಪುಸ್ತಕ ತೆಗೆದ್ರೆ ನನ್ನ ಹೆಸರು, ಅವರ ಹೆಸರು. ಇವಳು ನೋಡಿದ್ದಾಳೆ, ಇವಳಿಗೆ ಗೊತ್ತು ಅಂತ ಕೂತು ಅತ್ತೆ."

ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಗೊತ್ತಿರಲಿಲ್ಲ. ಆ ಹಾಲಿನ ಲೋಟವನ್ನು, ಆ ಬೀಗದ ಕೈಯನ್ನು ನಾನು ವರ್ಷಗಟ್ಟಲೆ ನೋಡಿ ಎಂಥಾ ಪುಣ್ಯವಂತೆ ನಮ್ಮಕ್ಕ ಎಂದುಕೊಂಡವಳು. ಕೊಲೆಗಾರ ಹೇಗಿರುತ್ತಾನೆ ಎಂದು ಬರೆಯಲು ಕೂತಾಗ ಅದನ್ನೇ ಒಂದೊಂದಾಗಿ ಎತ್ತಿಕೊಂಡು ಬಳಸಿದೆ. ದಪ್ಪ ನಾಲಿಗೆ, ಗೋಡೆ ಹಿಡಿಯುವುದು ನಿದ್ದೆ ಮಾತ್ರೆಗೆ ಹೊಂದುತ್ತದೆಂದು ಊಹಿಸಿ ಬರೆದದ್ದು. ಆಗಲೂ ನನಗೆ ಹೊಳೆಯಲಿಲ್ಲ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ಏಳಕ್ಕ, ಬಟ್ಟೆ ಬದಲಿಸು. ಅವರು ಬರೋಕೆ ಮುಂಚೆ ನಮ್ಮನೆಗೆ ಹೋಗೋಣ."

ಅವಳು ಎದ್ದು ಒಳಗೆ ಹೋಗಿ ಸೀರೆ ಸುತ್ತಿಕೊಂಡು ಬರುವಷ್ಟರಲ್ಲಿ ಬಾಗಿಲಿನಲ್ಲಿ ಬೀಗದ ಕೈ ತಿರುಗಿತು. ಅಕ್ಕ ಇದ್ದಕ್ಕಿದ್ದಂತೆ ಮತ್ತೆ ಕುರ್ಚಿಯಲ್ಲಿ ಕೂತುಬಿಟ್ಟಳು.

"ಓಹೋ, ಲೇಖಕಿ ನನಗಿಂತ ಮುಂಚೆ!" ಎನ್ನುತ್ತ ಭಾವ ಬಂದ. ಸಿಂಕಿನಲ್ಲಿ ಕೈ ತೊಳೆದು, ನಿಧಾನವಾಗಿ ಒರೆಸಿಕೊಂಡು, ಬೋರಲಾಗಿದ್ದ ಪುಸ್ತಕವನ್ನು ಎತ್ತಿಕೊಂಡ. ನಾನು ತಡೆಯಲಿಲ್ಲ. ನಿಂತೇ ಒಂದು ಪುಟ ಓದಿದ, ತಿರುವಿ ಇನ್ನೊಂದು ಓದಿದ. ಅವನ ಮುಖದ ನಗು ಒಂದು ಚೂರೂ ಕದಲಲಿಲ್ಲ, ನನಗೆ ಹೆದರಿಕೆಯಾಗಿದ್ದು ಅದಕ್ಕೇ.

"ನನ್ನ ಹೆಸರಿದೆಯಲ್ಲಮ್ಮ. ಇವಳದ್ದೂ ಇದೆ." ಪುಸ್ತಕ ಮುಚ್ಚಿ ಮೆಲ್ಲಗೆ ಮೇಜಿನ ಮೇಲಿಟ್ಟ. "ನೀನು ಹೇಳಿದ ಅಚ್ಚಿನ ತಪ್ಪು ಇದೇ ತಾನೆ? ಹೂಂ ಅಂತ ಹೇಳು, ನಂಗೇನೂ ಬೇಜಾರಿಲ್ಲ. ಕೂತ್ಕೊಂಡು ಊಟ ಮಾಡೋಣ."

ಹೂಂ ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಎಲ್ಲರೂ ನಗುತ್ತ ಉಣ್ಣುತ್ತಿದ್ದೆವು, ರಾತ್ರಿ ಅಕ್ಕನ ಕೈಗೆ ಮತ್ತೆ ಹಾಲು ಬರುತ್ತಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ತಪ್ಪಿಲ್ಲ ಭಾವ," ಅಂದೆ. "ಬೇಕಂತಲೇ ಹಾಕಿದ್ದು. ಓದಿದವರು ಹೊರಗಡೇನೂ ಇದ್ದಾರೆ."

ಅವನು ಅಕ್ಕನ ಕಡೆ ತಿರುಗಿ, "ನಿಂಗೆ ಸುಸ್ತಾಗಿದೆ. ಹೋಗಿ ಮಲಕ್ಕೋ," ಅಂದ, ಅದೇ ಮೆತ್ತನೆ ದನಿಯಲ್ಲಿ.

ಅಕ್ಕ ಎದ್ದಳು. ಮಲಗುವ ಕೋಣೆಯ ಕಡೆಗೇ ನಡೆದಳು. ಕೋಣೆಯ ಬಾಗಿಲಿಗೆ ಹೋಗಿ ನಿಂತವಳು ತಿರುಗಿದಳು.

"ಕೊನೇಲಿ ಅವಳು ಏನಾಗ್ತಾಳೆ?" ಎಂದು ನನ್ನನ್ನು ಕೇಳಿದಳು. "ನಾನು ಅಲ್ಲೀವರೆಗೂ ಓದಿಲ್ಲ."

"ಸಾಯ್ತಾಳೆ ಅಕ್ಕ."

"ಯಾರೂ ಬರಲ್ವಾ?"

"ತಂಗಿ ಬರ್ತಾಳೆ. ಬರೋ ಹೊತ್ತಿಗೆ ಎಲ್ಲ ಮುಗಿದಿರತ್ತೆ."

ಅಕ್ಕ ಭಾವನನ್ನು ದಾಟಿಕೊಂಡು ಹೊರಬಾಗಿಲಿಗೆ ಬಂದು ಚಪ್ಪಲಿಯೊಳಗೆ ಕಾಲು ತೂರಿಸಿದಳು. ಒಂದು ಕೈಯಿಂದ ಗೋಡೆ ಹಿಡಿದುಕೊಂಡಿದ್ದಳು.

"ನೀನು ಎಲ್ಲ ಮುಗಿಯೋಕೆ ಮುಂಚೇನೇ ಬಂದೆಯಲ್ಲ," ಅಂದಳು. "ನಡಿ."

ಭಾವ ಅವಳ ಹೆಸರು ಹಿಡಿದು ಕರೆದ. ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.