ಕಿವಿಯ ಹತ್ತಿರ ಎರಡು ಸಲ

ಚನ್ನಪಟ್ಟಣದಲ್ಲಿ ಗಿಲಕಿ ಮಾಡುವವರಿಗೆ ಯಾವ ಕಾಲಕ್ಕೂ ಬರವಿಲ್ಲ. ಆದರೆ ಮೂವತ್ತು ವರ್ಷ ಗಿಲಕಿ ಮಾಡಿ, ನಲವತ್ತೆಂಟನೆಯ ವಯಸ್ಸಿನಲ್ಲಿ ಅದನ್ನು ನುಡಿಸುವುದು ಕಲಿಯುತ್ತೇನೆಂದು ಹೊರಟವಳು ನಮ್ಮ ವಜೀರಾ ಒಬ್ಬಳೇ ಇರಬೇಕು. ಬೀದಿಯವರು ನಕ್ಕರು. ನಗಲಿ ಬಿಡಿ, ಗಿಲಕಿ ಇರುವುದೇ ನಗಿಸುವುದಕ್ಕೆ.

ಆಗಿದ್ದು ಇಷ್ಟು. ಶಾಲೆಯಲ್ಲಿ ಸಂಗೀತ ಹೇಳಿಕೊಡುವ ಲತಾಮಣಿ ಕನಕಪುರದ ಕಡೆಯ ಆರು ಜನ ಹೆಂಗಸರನ್ನು ಕಲೆಹಾಕಿ ರಾಗಿ ಬೀಸುವ ಪದಗಳ ತಂಡ ಕಟ್ಟಿದ್ದಳು. ರಾಮನಗರದ ಸಭಾಂಗಣವೊಂದರಲ್ಲಿ ಅವರ ಮೊದಲ ಕಾರ್ಯಕ್ರಮ ನಿಗದಿಯಾಗಿತ್ತು. ಹಾಡಿಗೆ ಜೊತೆಯಾಗಿ ಅಂಗೈಯಲ್ಲಿ ಮುಚ್ಚಿಹೋಗುವಂಥ, ಮೊಟ್ಟೆ ಆಕಾರದ ಗಿಲಕಿ ಬೇಕೆಂದು ಹುಡುಕಿಕೊಂಡು ವಜೀರಾ ಕೆಲಸ ಮಾಡುವ ಇಮಾಮ್ ಸಾಬರ ಕಾರ್ಖಾನೆಗೆ ಬಂದಳು. ಕಾರ್ಖಾನೆಯೆಂದರೆ ಶೀಟಿನ ಚಾವಣಿಯ ಕೆಳಗೆ ನಾಲ್ಕು ಲೇತ್, ಅರಗಿನ ವಾಸನೆ, ಮೊಣಕಾಲುದ್ದದ ಮರದ ಹೊಟ್ಟು. ವಜೀರಾ ತಾನು ಹಿಂದಿನ ದಿನ ಮಾಡಿದ್ದ ಕೆಂಪು ಮೊಟ್ಟೆಯೊಂದನ್ನು ಎತ್ತಿ ಕೊಟ್ಟಳು.

ಲತಾಮಣಿ ಅದನ್ನು ಸುಮ್ಮನೆ ಅಲ್ಲಾಡಿಸಲಿಲ್ಲ. ಮೊಣಕೈ ಮಡಚಿ ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ ಎಂದು ನುಡಿಸತೊಡಗಿದಳು. ನಾಲ್ಕರಲ್ಲಿ ಒಂದು ಪೆಟ್ಟು ಜೋರು, ಮೂರು ಮೆತ್ತಗೆ. ಲೇತ್‌ಗಳ ಗದ್ದಲದ ನಡುವೆಯೂ ಆ ದನಿ ಬೇರೆಯಾಗಿ ಎದ್ದು ಕೇಳಿಸಿತು. ವಜೀರಾಳ ಮೈ ಜುಮ್ಮೆಂದಿತು. ತಾನೇ ಕಡೆದ ಆಲೆಮರ, ತಾನೇ ಹಚ್ಚಿದ ಅರಗು, ತಾನೇ ಒಳಗೆ ತುಂಬಿದ ಕಾಳು. ಅದಕ್ಕೆ ಇಷ್ಟು ಮಾತು ಬರುತ್ತದೆಂದು ಈವರೆಗೆ ಅವಳಿಗೇ ಗೊತ್ತಿರಲಿಲ್ಲ.

ಇದನ್ನು ನುಡಿಸುವವರು ಯಾರೆಂದು ಕೇಳಿದಳು. ಇನ್ನೂ ಯಾರೂ ಸಿಕ್ಕಿಲ್ಲ, ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ಬಾರಿಸುವ ಮಾಗಡಿಯ ಅಶ್ವಥ್ ಹತ್ತಿರ ಇದೇ ದನಿ ಒಂದು ಬಟನ್‌ನಲ್ಲಿದೆ, ಯಾರೂ ಸಿಗದಿದ್ದರೆ ಅವನೇ ಒತ್ತುತ್ತಾನೆ ಎಂದಳು ಲತಾಮಣಿ. ಆಗ ವಜೀರಾಳ ಬಾಯಿಂದ, ಅವಳೇ ಬೆಚ್ಚುವಂತೆ, ಮಾತು ಹೊರಬಿತ್ತು.

"ನಂಗೆ ಹೇಳ್ಕೊಡ್ತೀರಾ ಟೀಚರ್? ಮೂವತ್ತು ವರ್ಸ ಕಂಡೋರ ಮಕ್ಳು ಆಡಾಕೆ ಮಾಡಿದ್ದೇ ಆಯ್ತು. ಒಂದ್ಸಲಾನಾದ್ರೂ ನಾನು ಆಡ್ಬೇಕು."

ಲತಾಮಣಿ ಅವಳ ಮುಖ ನೋಡಿ ಒಪ್ಪಿಕೊಂಡಳು. ಆದರೆ ಕರಾರು ಹಾಕಿದಳು. ಇರುವುದು ಹನ್ನೆರಡು ದಿನ. ಹಾಡು ನಾಲ್ಕು ನಿಮಿಷ. ನಾಲ್ಕು ನಿಮಿಷವೂ ತಪ್ಪದೆ ನುಡಿಸಿದರೆ ವೇದಿಕೆ, ತಪ್ಪಿದರೆ ಅಶ್ವಥನ ಬಟನ್.

ಮಾರನೆಯ ದಿನ ಊಟದ ಬಿಡುವಿನಲ್ಲಿ ಮೊದಲ ಪಾಠ. ಲತಾಮಣಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದಳು. ವಜೀರಾ ನಾಲ್ಕು ಪೆಟ್ಟು ಹೊಡೆದಳು. ಐದನೆಯದಕ್ಕೆ ಅವಳ ಕೈ ತಾನಾಗಿಯೇ ಮೇಲೆದ್ದು ಕಿವಿಯ ಹತ್ತಿರ ಹೋಯಿತು, ಅಲ್ಲಿ ಎರಡು ಸಲ ಕುಲುಕಿತು, ಆಮೇಲೆ ಗಿಲಕಿಯನ್ನು ಪಕ್ಕಕ್ಕೆ ಎಸೆದುಬಿಟ್ಟಿತು. ಅದು ನೇರವಾಗಿ ಹೋಗಿ ಪಾಲಿಶ್ ಕೆಲಸದ ಬೋರಮ್ಮನ ಮುದ್ದೆಯ ಡಬ್ಬಿಯೊಳಗೆ ಬಿತ್ತು. ಸಾರು ಹಾರಿ ಬೋರಮ್ಮನ ಸೀರೆಗೆ ಬಡಿಯಿತು. ಇಡೀ ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅವಳ ಕೈಯದೇನೂ ತಪ್ಪಿಲ್ಲ. ಹದಿನೆಂಟರ ಹುಡುಗಿಯಾಗಿ ಕೆಲಸಕ್ಕೆ ಸೇರಿದ ದಿನ ಇಮಾಮ್ ಸಾಬರು ಹೇಳಿಕೊಟ್ಟಿದ್ದೇ ಅದು. ಎರಡು ಹೋಳು ಅಂಟಿಸುವಾಗ ಗೋಂದು ಒಳಗೆ ಇಳಿದರೆ ಕಾಳು ಗೋಡೆಗೆ ಹತ್ತಿಕೊಂಡು ಗಿಲಕಿ ಮೂಕಾಗುತ್ತದೆ. ಅದಕ್ಕೇ ಮುಗಿದ ಪ್ರತಿ ಗಿಲಕಿಯನ್ನೂ ಕಿವಿಯ ಹತ್ತಿರ ಎರಡು ಸಲ ಕುಲುಕಬೇಕು. ದನಿ ಸರಿಯಿದ್ದರೆ ಬುಟ್ಟಿಗೆ, ಇಲ್ಲದಿದ್ದರೆ ಮೂಲೆಯ ಗುಡ್ಡೆಗೆ. ಬುಟ್ಟಿಯದು ಊರೂರು ತಿರುಗಲು ಹೋಗುತ್ತಿತ್ತು. ಮೂಲೆಯದು ವಜೀರಾಳ ಮನೆಗೆ ಹೋಗುತ್ತಿತ್ತು. ಅವಳ ಮಗಳು ಸುಹಾನಾ ಬೆಳೆದದ್ದೇ ಮೂಕ ಗಿಲಕಿಗಳ ಜೊತೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಕಲಿತ ಗುಣವೂ ಏನು ಕಡಿಮೆಯಲ್ಲ. ಮೂರು ದಿನ ಅದೇ ಪಾಡು. ನಾಲ್ಕು ಪೆಟ್ಟು, ಕಿವಿ, ಎಸೆತ. ಕೊನೆಗೆ ಬೋರಮ್ಮ ಗಿಲಕಿಯನ್ನು ವಜೀರಾಳ ಕೈಗೆ ಸೇರಿಸಿ ಒಂದು ಬಟ್ಟೆಪಟ್ಟಿಯಿಂದ ಕಟ್ಟಿಹಾಕಿದಳು. ಎಸೆಯುವುದು ನಿಂತಿತು, ದನಿ ಮಾತ್ರ ಹದಕ್ಕೆ ಬರಲಿಲ್ಲ. ಲತಾಮಣಿ ನುಡಿಸಿದರೆ ಪೆಟ್ಟುಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು. ವಜೀರಾ ನುಡಿಸಿದರೆ ಒಲೆಯ ಮೇಲೆ ಒಗ್ಗರಣೆ ಬಿದ್ದ ಹಾಗೆ ಸರ್ರೆಂದು ಒಂದೇ ಸಮನೆ. ತಪ್ಪು ಗಿಲಕಿಯದೇ ಇರಬೇಕೆಂದು ಅವಳು ಒಂದರ ಮೇಲೊಂದು ನಾಲ್ಕು ಗಿಲಕಿ ಬದಲಾಯಿಸಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, ವಿರೂಪಾಕ್ಷಿಪುರದ ಬೋರಮ್ಮ ಒಂದು ಬೆಳಗ್ಗೆ ಮನೆಯಿಂದ ಮೊರವನ್ನೇ ಬಸ್ಸಿನಲ್ಲಿ ಹೊತ್ತು ತಂದಳು. ಎರಡು ಹಿಡಿ ರಾಗಿ ಹಾಕಿ ಕೇರಿ ತೋರಿಸಿದಳು. ರಾಗಿ ಮೇಲೆ ಹಾರಿತು, ಮೊರ ತಟ್ಟನೆ ನಿಂತಿತು, ರಾಗಿ ಬಂದು ಮೊರಕ್ಕೆ ಬಡಿಯಿತು. ಛಸ್. ಮತ್ತೆ ಛಸ್. ಅವಳ ಕೈ ಬೀಸಿದ್ದಕ್ಕಿಂತ ನಿಂತದ್ದೇ ಹೆಚ್ಚು.

"ಕೈ ನಿಂತ್ಕಂಡ್ರೆ ಕಾಳು ಮಾತಾಡ್ತದೆ ಕಣವ್ವ," ಅಂದಳು. "ನೀ ಕೈನೇ ನಿಲ್ಸಾಕಿಲ್ವಲ್ಲ, ಅದ್ಯಾವಾಗ ಮಾತಾಡೀತು?"

ವಜೀರಾ ಗಿಲಕಿ ಹಿಡಿದು, ಮುಂದಕ್ಕೆ ಎಸೆದಂತೆ ಮಾಡಿ ಕೈಯನ್ನು ತಟ್ಟನೆ ನಿಲ್ಲಿಸಿದಳು. ಒಳಗಿನ ಕಾಳೆಲ್ಲ ಒಟ್ಟಿಗೆ ಹೋಗಿ ಆಚೆಯ ಗೋಡೆಗೆ ಬಡಿಯಿತು. ಛಿಕ್. ಹಿಂದಕ್ಕೆ ಎಳೆದು ನಿಲ್ಲಿಸಿದಳು. ಛಿಕ್. ಅವಳ ಕಣ್ಣು ಅಗಲವಾಯಿತು. ಮತ್ತೊಮ್ಮೆ, ಇನ್ನೊಮ್ಮೆ, ಒಂದು ಜೋರು, ಮೂರು ಮೆತ್ತಗೆ. ಬಂತು! ಬೋರಮ್ಮನನ್ನು ತಬ್ಬಿಕೊಂಡು ಹೊಟ್ಟಿನ ಮೇಲೆ ಎರಡು ಸುತ್ತು ತಿರುಗಿದಳು. ಮೊರ ಮಗುಚಿ ರಾಗಿಯೆಲ್ಲ ನೆಲದ ಪಾಲಾಯಿತು. ಇಬ್ಬರೂ ಬೈದುಕೊಳ್ಳುತ್ತ, ನಗುತ್ತ ಗುಡಿಸಿದರು.

ಅಲ್ಲಿಂದ ಅವಳಿಗೆ ಹುಚ್ಚೇ ಹಿಡಿಯಿತು. ಬೆಂಕಿಪೊಟ್ಟಣ ಸಿಕ್ಕರೆ ಬೆಂಕಿಪೊಟ್ಟಣ, ಬೀಗದಕೈ ಗೊಂಚಲು ಸಿಕ್ಕರೆ ಬೀಗದಕೈ ಗೊಂಚಲು. ಸಾಸಿವೆ ಡಬ್ಬಿಯನ್ನು ಸುಹಾನಾ ಬಚ್ಚಿಟ್ಟಳು. ಹತ್ತನೆಯ ದಿನ ಲತಾಮಣಿ ಫೋನಿನಲ್ಲಿ ಹಾಡು ಹಾಕಿದಾಗ ವಜೀರಾ ಕಟ್ಟು ಬಿಚ್ಚಿದ ಕೈಯಲ್ಲೇ ನಾಲ್ಕು ನಿಮಿಷ ತಪ್ಪದೆ ನುಡಿಸಿದಳು. ಖುಷಿಗೆ ರಾತ್ರಿ ಊಟ ಸೇರಲಿಲ್ಲ.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ಬೇಕಾದೀತೆಂದು ಪ್ಯಾಡ್ ಹಿಡಿದು ಬಂದಿದ್ದ ಅಶ್ವಥ್ ಒಳ್ಳೆಯ ಹುಡುಗನೇ. ಅವಳು ಮೂಲೆಯಲ್ಲಿ ನಿಂತು ಮತ್ತೆ ಮತ್ತೆ ಎಣಿಸಿಕೊಳ್ಳುವುದನ್ನು ನೋಡಿ ಸಮಾಧಾನ ಹೇಳಲು ಬಂದ.

"ಟೆನ್ಶನ್ ಮಾಡ್ಕೋಬ್ಯಾಡಿ ಅಕ್ಕ. ನೀವು ನಿಂತೋದ್ರೆ ನಾನು ಬಟನ್ ಒತ್ಬುಡ್ತೀನಿ. ಜನುಕ್ಕೆ ಗೊತ್ತೇ ಆಗಾಕಿಲ್ಲ."

ಆ ಕೊನೆಯ ಮಾತು ಅವಳಿಗೆ ಚುಚ್ಚಿತು. ತಾನು ನುಡಿಸಿದರೂ ಒಂದೇ, ಬಿಟ್ಟರೂ ಒಂದೇ ಎಂದಾದರೆ ಹನ್ನೆರಡು ದಿನ ಕುಣಿದದ್ದು ಯಾಕೆ? ಹಲ್ಲು ಕಚ್ಚಿ ವೇದಿಕೆ ಹತ್ತಿದಳು. ಅವಳ ಎದುರಿಗೊಂದು ಮೈಕ್, ಹಾಡುವವರಿಗೆ ಇಡುವ ಹಾಗೆ, ಮುಖದ ಮಟ್ಟಕ್ಕೆ. ಅದು ತನಗಾಗಿಯೇ ಇಟ್ಟದ್ದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಡು ಶುರುವಾಯಿತು. ವಜೀರಾ ಕಲಿತಂತೆಯೇ, ಮೊಣಕೈ ಮಡಚಿ, ಸೊಂಟದ ಮಟ್ಟದಲ್ಲಿ ನುಡಿಸಿದಳು. ಒಂದು ಪೆಟ್ಟೂ ತಪ್ಪಲಿಲ್ಲ. ಎರಡು ನಿಮಿಷ ಕಳೆಯುವ ಹೊತ್ತಿಗೆ ಸಭಾಂಗಣದ ಹಿಂದೆ ಸೌಂಡ್ ನೋಡಿಕೊಳ್ಳುವವನು ಕೈಯಾಡಿಸಿದ್ದು ಕಂಡಿತು. ಗಿಲಕಿ ಕೇಳಿಸುತ್ತಿಲ್ಲ ಎಂದು ಸನ್ನೆ. ಅಶ್ವಥ್ ಅವಳ ಕಡೆ ಪಾಪ ಎಂಬಂತೆ ನೋಡಿ ಬೆರಳನ್ನು ಬಟನ್ ಮೇಲಿಟ್ಟ. ಲತಾಮಣಿ ಹಾಡುತ್ತಲೇ ಕಣ್ಣಲ್ಲಿ ಮೈಕ್ ತೋರಿಸಿ ಏನೋ ಹೇಳಿದಳು, ಅರ್ಥವಾಗಲಿಲ್ಲ. ವಜೀರಾಳಿಗೆ ಅಳುವೇ ಬಂದಂತಾಯಿತು.

ಹಾಡಿನ ನಡುವೆ ಎಲ್ಲ ದನಿಗಳೂ ಒಮ್ಮೆಲೇ ನಿಲ್ಲುವ ಜಾಗವೊಂದಿತ್ತು, ನಾಲ್ಕು ಎಣಿಕೆಯಷ್ಟು. ಹೆಂಗಸರು ನಿಂತರು. ಹಿಂದೆ ಬಾರಿಸುತ್ತಿದ್ದ ತಮಟೆ ನಿಂತಿತು. ಅವಳ ಕೈಯೂ ನಿಂತಿತು. ಕೆಲಸ ಮುಗಿಯಿತು ಎಂದುಕೊಂಡಿತೋ ಏನೋ, ಹಾಳಾದ್ದು, ಮೂವತ್ತು ವರ್ಷದ ದಾರಿ ಹಿಡಿದು ಮೇಲೆದ್ದು ಕಿವಿಯ ಹತ್ತಿರ ಹೋಯಿತು. ಕಿವಿಯ ಪಕ್ಕದಲ್ಲೇ ಮೈಕ್.

ಛಿಕ್. ಛಿಕ್.

ನಾಲ್ಕು ಸ್ಪೀಕರುಗಳಲ್ಲಿ ಆ ದನಿ ಎದ್ದು ಕೊನೆಯ ಸಾಲಿನ ಗೋಡೆಗೆ ಬಡಿದು ಬಂತು. ಎಣಿಕೆಯ ಮೂರು, ನಾಲ್ಕಕ್ಕೆ ಸರಿಯಾಗಿ ಬಿದ್ದಿತ್ತು. ಹೆಂಗಸರು ಅದನ್ನೇ ಹಿಡಿದು ಮುಂದಿನ ಸಾಲಿಗೆ ಧುಮುಕಿದರು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಇನ್ನು ಕೈ ಬುಟ್ಟಿ ಹುಡುಕಿಕೊಂಡು ಹೊರಡುವುದರಲ್ಲಿತ್ತು. ವಜೀರಾ ಗಿಲಕಿಯನ್ನು ಬಿಗಿಯಾಗಿ ಅಮುಕಿ ಅಲ್ಲಿಯೇ, ಕಿವಿಯ ಹತ್ತಿರವೇ, ಹಿಡಿದು ನಿಲ್ಲಿಸಿದಳು. ಉಳಿದ ಹಾಡನ್ನೆಲ್ಲ ಅಲ್ಲಿಂದಲೇ ನುಡಿಸಿದಳು. ಒಂದು ಜೋರು, ಮೂರು ಮೆತ್ತಗೆ, ಪ್ರತಿ ಕಾಳಿನ ದನಿಯೂ ಸಭಾಂಗಣದ ತುಂಬ. ಅಶ್ವಥ್ ಬಟನ್ ಮೇಲಿನ ಬೆರಳು ತೆಗೆದು, ಅದೇ ಬೆರಳಿನಿಂದ ತೊಡೆಯ ಮೇಲೆ ಅವಳ ತಾಳ ಹಾಕುತ್ತಿದ್ದ.

ವೇದಿಕೆ ಇಳಿದಾಗ ಲತಾಮಣಿ ಅವಳ ಎರಡೂ ಕೈ ಹಿಡಿದುಕೊಂಡಳು. ಬೋರಮ್ಮ ಕಣ್ಣೊರೆಸಿಕೊಂಡಳು. ಇಮಾಮ್ ಸಾಬರು ಮಾತ್ರ ಹಿಂದಿನ ಸಾಲಿನಲ್ಲಿ ಕೋಲು ಊರಿಕೊಂಡು ಕೂತೇ ಇದ್ದರು. ಅವಳು ಹತ್ತಿರ ಹೋದಾಗ ಅಂಗೈ ಚಾಚಿದರು. ಗಿಲಕಿಯನ್ನು ಇಸಿದುಕೊಂಡು ತಮ್ಮ ಕಿವಿಯ ಹತ್ತಿರ ಹಿಡಿದು ಎರಡು ಸಲ ಕುಲುಕಿದರು. ವಜೀರಾ ಹದಿನೆಂಟರ ಹುಡುಗಿಯ ಹಾಗೆ ಉಸಿರು ಬಿಗಿಹಿಡಿದು ನಿಂತಳು.

ಸಾಬರು ಅದನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದರು.

"ದನಿ ಚೆಂದಾಗೈತೆ," ಅಂದರು. "ಆದ್ರೆ ಇದು ಬುಟ್ಟಿಗಲ್ಲ ಬೇಟಿ. ನಿಂಗೆ."