ಇಳಿದಾರಿಯ ಬಾಯಿ

ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಅವಳು ಹದಿನಾರು ವರ್ಷ ಕೆಲಸ ಮಾಡಿದಳು. ಹನ್ನೆರಡು ವರ್ಷ ಹಳೆಯ ತಾಣದಲ್ಲಿ, ನಾಲ್ಕು ವರ್ಷ ಹೊಸದರಲ್ಲಿ. ಲಾರಿಯವರು ಅವಳನ್ನು ದಾರಿಯಕ್ಕ ಎಂದು ಕರೆಯತೊಡಗಿದ್ದು ಹೊಸದಕ್ಕೆ ಬಂದ ಮೇಲೆ. ಹಳೆಯದರಲ್ಲಿ ಯಾರಿಗೂ ದಾರಿ ಹೇಳುವ ಅಗತ್ಯವೇ ಇರಲಿಲ್ಲ.

ಹಳೆಯದು ಹೆದ್ದಾರಿಯ ಮಗ್ಗುಲಲ್ಲೇ ಇತ್ತು. ಹೋಗುವವರಿಗೆ ಈ ಬದಿಯಲ್ಲೊಂದು, ಬರುವವರಿಗೆ ಆ ಬದಿಯಲ್ಲೊಂದು. ಒಂದು ತುದಿಯಲ್ಲಿ ಒಳಗೆ ಬಂದ ಗಾಡಿ ಇನ್ನೊಂದು ತುದಿಯಲ್ಲಿ ಹೊರಗೆ ಹೋಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಹೊರಟರೂ ತಪ್ಪುವ ಹಾಗಿರಲಿಲ್ಲ. ಈ ಬದಿಯ ಶೌಚಾಲಯ, ನಲ್ಲಿ, ಬೆಂಚುಗಳನ್ನು ಅವಳು ನೋಡಿಕೊಳ್ಳುತ್ತಿದ್ದಳು. ಆ ಬದಿಯದನ್ನು ಒಬ್ಬ ಗಂಡಸು. ದಿನಾ ಬೆಳಿಗ್ಗೆ ಇಬ್ಬರೂ ಪೊರಕೆ ಎತ್ತಿ ತೋರಿಸಿ ನಮಸ್ಕಾರ ಹೇಳಿಕೊಳ್ಳುತ್ತಿದ್ದರು. ನಡುವೆ ಆರು ಸಾಲು ಗಾಡಿಗಳು ಓಡುತ್ತಿದ್ದರಿಂದ ಹನ್ನೆರಡು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ಇಲಾಖೆಗೆ ಹೊಸ ಬುದ್ಧಿ ಬಂತು. ಎರಡು ಬದಿಗೆ ಎರಡು ತಾಣ ಯಾಕೆ? ಅಡ್ಡರಸ್ತೆ ಬಂದು ಹೆದ್ದಾರಿಯನ್ನು ಕೂಡುವ ಇಂಟರ್‌ಚೇಂಜಿನಲ್ಲಿ ಒಂದೇ ದೊಡ್ಡ ತಾಣ ಕಟ್ಟಿದರೆ ಹೋಗುವವರು, ಬರುವವರು, ಅಡ್ಡರಸ್ತೆಯವರು, ಎಲ್ಲರೂ ಹೆದ್ದಾರಿ ಇಳಿದು ಅಲ್ಲಿಗೇ ಬರುತ್ತಾರೆ. ಒಂದೇ ನೀರಿನ ಟ್ಯಾಂಕು, ಒಂದೇ ಶೌಚಾಲಯ, ಒಬ್ಬಳೇ ಕೆಲಸದವಳು. ಆ ನಕ್ಷೆ ಬರೆದವನು ಅವಳ ಸ್ವಂತ ತಮ್ಮ. ಇಲಾಖೆಯಲ್ಲಿ ಕಿರಿಯ ಎಂಜಿನಿಯರ್. ಅದು ಅವನ ಕೈಯ ಮೊದಲ ದೊಡ್ಡ ಕೆಲಸ. ಮೇಲಿನವರು ಬೆನ್ನು ತಟ್ಟಿದಾಗ ನಕ್ಷೆಯ ಒಂದು ಪ್ರತಿಯನ್ನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದ.

ಹಳೆಯ ಎರಡೂ ತಾಣ ಮುಚ್ಚುವಾಗ ಆ ಬದಿಯವನ ಗತಿ ಏನು ಎಂದು ಅವಳು ತಮ್ಮನನ್ನು ಕೇಳಿದಳು. ಇರುವುದು ಒಂದೇ ಜಾಗ, ನಿನ್ನನ್ನು ಸೇರಿಸಿದ್ದೇನೆ, ಉಳಿದದ್ದು ಕೇಳಬೇಡ ಎಂದ. ಕೊನೆಯ ದಿನವೂ ಆ ಬದಿಯವನು ಎಂದಿನಂತೆ ಪೊರಕೆ ಎತ್ತಿದ. ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅವಳು ಕಂಡೂ ಕಾಣದವಳಂತೆ ಒಳಗೆ ಹೋದಳು.

ಹೊಸ ತಾಣ ನೋಡಲು ಚೆನ್ನಾಗಿತ್ತು. ತೊಂದರೆ ಇದ್ದದ್ದು ಅಲ್ಲಿಂದ ಹೊರಡುವುದರಲ್ಲಿ. ಗೇಟು ದಾಟಿ ನೂರು ಹೆಜ್ಜೆ ಹೋದರೆ ಪಕ್ಕಪಕ್ಕದಲ್ಲೇ ಎರಡು ಬಾಯಿ: ಒಂದು ಹೆದ್ದಾರಿಗೆ ಏರುವ ದಾರಿಯದು, ಇನ್ನೊಂದು ಹೆದ್ದಾರಿಯಿಂದ ಇಳಿಯುವ ದಾರಿಯದು. ನಡುವೆ ಮೊಣಕಾಲೆತ್ತರದ ಕಟ್ಟೆ. ಎರಡೂ ಒಂದೇ ಅಗಲ, ಒಂದೇ ಬಣ್ಣ, ಅವಳಿ ಮಕ್ಕಳ ಹಾಗೆ. ಇಳಿದಾರಿ ಸ್ವಲ್ಪ ಮೇಲೆ ಹೋಗಿ ತಿರುಗುತ್ತಿದ್ದುದರಿಂದ ಎದುರು ಬರುವ ಗಾಡಿ ಮೂಗಿನ ತುದಿಗೆ ಬರುವವರೆಗೂ ಕಾಣುತ್ತಿರಲಿಲ್ಲ. ನೆಲದ ಮೇಲೆ ಬರೆದಿದ್ದ ಬಾಣದ ಗುರುತು ವರ್ಷ ತುಂಬುವುದರೊಳಗೆ ಟೈರುಗಳಿಗೆ ಸಿಕ್ಕಿ ಸವೆದುಹೋಯಿತು.

ಮೊದಮೊದಲು ಆದ ತಪ್ಪುಗಳು ನಗುವಂಥವು. ಅಡ್ಡರಸ್ತೆ ಹೆದ್ದಾರಿಯನ್ನು ದಾಟುವ ಸೇತುವೆಯ ಆಚೆಗೆ ಇನ್ನೊಂದು ಏರುದಾರಿ ಇತ್ತು. ಅದನ್ನು ಹಿಡಿದರೆ ಬಂದ ಕಡೆಗೇ ವಾಪಸ್. ಮದುವೆಗೆ ಹೊರಟಿದ್ದ ಒಂದು ಸಂಸಾರ ಇಲ್ಲಿ ಕೈಕಾಲು ತೊಳೆದು, ಟೀ ಕುಡಿದು ಹೊರಟು, ಎರಡು ಗಂಟೆಯ ಮೇಲೆ ತಮ್ಮ ಮನೆ ಬಾಗಿಲಿಗೇ ಹೋಗಿ ನಿಂತಿತ್ತಂತೆ. ಉಡುಗೊರೆ ಉಳಿಯಿತಲ್ಲ ಬಿಡಿ ಎಂದು ಲಾರಿಯವರು ತಿಂಗಳುಗಟ್ಟಲೆ ನಕ್ಕರು. ಅಂದಿನಿಂದ ಅವಳು ಹೊರಡುವವರಿಗೆಲ್ಲ ಗಿಣಿಗೆ ಹೇಳಿದ ಹಾಗೆ ದಾರಿ ಹೇಳತೊಡಗಿದಳು. ಆದರೆ ಇಳಿದಾರಿಯ ಬಾಯಿಗೆ ಗಾಡಿ ನುಗ್ಗಿಸಿದವರನ್ನು ಕಂಡಾಗ ಅವಳಿಗೆ ನಗು ಬರುತ್ತಿರಲಿಲ್ಲ. ಕೈಯಲ್ಲಿದ್ದ ಬಕೆಟ್ಟು ಬಿಟ್ಟು ಓಡುತ್ತಿದ್ದಳು, ಕೂಗಿ ಹಿಂದಕ್ಕೆ ಕರೆಯುತ್ತಿದ್ದಳು. ವಾರಕ್ಕೆ ಒಬ್ಬರಾದರೂ ಹಾಗೆ ನುಗ್ಗುತ್ತಿದ್ದರು.

ಭಾನುವಾರ ಅವಳ ಊಟ ತಮ್ಮನ ಮನೆಯಲ್ಲಿ. ಅಮ್ಮ ಅಲ್ಲೇ ಇದ್ದಳು. ಊಟಕ್ಕೆ ಕೂತಾಗಲೆಲ್ಲ ಅಕ್ಕ ಈ ಮಾತು ತೆಗೆಯುತ್ತಿದ್ದಳು. ಅಲ್ಲೊಂದು ಬೋರ್ಡು ಬೇಕು, ಬಾಣ ಮತ್ತೆ ಬರೆಸಬೇಕು, ಆ ಎರಡು ಬಾಯಿ ಅಷ್ಟು ಹತ್ತಿರ ಇರಬಾರದಿತ್ತು. ಕೊನೆಯ ಮಾತು ತಮ್ಮನಿಗೆ ಚುಚ್ಚುತ್ತಿತ್ತು. ಒಮ್ಮೆ, ನಿನ್ನ ಕೈಯಲ್ಲಿ ಆಗದಿದ್ದರೆ ಹೇಳು, ನಾನೇ ಆಫೀಸಿಗೆ ಅರ್ಜಿ ಬರೆದು ಕೊಡುತ್ತೇನೆ ಎಂದಳು. ಅವನು ಊಟ ನಿಲ್ಲಿಸಿದ.

"ಬರೆದು ಕೊಡಬೇಡ ಅಕ್ಕ. ಕಾಗದ ಫೈಲಿಗೆ ಹೋದ್ರೆ ನಕ್ಷೆಯಲ್ಲೇ ತಪ್ಪಿದೆ ಅಂತಾರೆ. ನನ್ನ ಮೊದಲ್ನೇ ಕೆಲ್ಸ ಅದು. ನಾನೇ ಒಳಗಿಂದ ಸರಿ ಮಾಡಿಸ್ತೀನಿ, ನನ್ನ ಮೇಲೆ ಬಿಡು."

ಅವಳು ಬಿಟ್ಟಳು. ಅಪ್ಪ ಹೋದಾಗ ಅವನಿಗೆ ಎಂಟು ವರ್ಷ. ಕೈಹಿಡಿದು ಶಾಲೆಗೆ ಬಿಟ್ಟು ಬರುತ್ತಿದ್ದವಳು ಅವಳೇ. ಅವನು ಮಾಡಿಸುತ್ತೇನೆ ಅಂದರೆ ಮಾಡಿಸುತ್ತಾನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಒಂದು ವರ್ಷ ಕಾದ ಮೇಲೆ ಅವಳೇ ಬೋರ್ಡು ಮಾಡಿದಳು. ಉಗ್ರಾಣದಲ್ಲಿ ಮುರಿದುಬಿದ್ದಿದ್ದ ಬೀರುವಿನ ಬಾಗಿಲು, ಶೌಚಾಲಯದ ಕದಕ್ಕೆ ಬಳಿದು ಉಳಿದಿದ್ದ ಕೆಂಪು ಬಣ್ಣ. 'ಇಲ್ಲಿ ಗಾಡಿ ಇಳಿಯುತ್ತೆ. ಇದು ದಾರಿ ಅಲ್ಲ' ಎಂದು ಬರೆದಳು. ಜಾಗ ಸಾಲದೆ 'ಅಲ್ಲ' ಎಂಬುದು ಮೂಲೆಯಲ್ಲಿ ಮುದುಡಿಕೊಂಡಿತು. ದೂರದಿಂದ ನೋಡಿದರೆ ಇದು ದಾರಿ ಅಂತಲೇ ಕಾಣುತ್ತೆ ಅಕ್ಕಾ ಎಂದು ಒಬ್ಬ ಲಾರಿಯವನು ಛೇಡಿಸಿದ ಮೇಲೆ ಎಲ್ಲ ಅಳಿಸಿ, 'ಅಲ್ಲ'ವನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಮತ್ತೆ ಬರೆದಳು. ಅದನ್ನು ಇಳಿದಾರಿಯ ಬಾಯಲ್ಲಿ ಎರಡು ಕಲ್ಲು ಆನಿಸಿ ನಿಲ್ಲಿಸಿದಳು. ಎಂಟು ತಿಂಗಳು ಒಬ್ಬರೂ ಒಳಗೆ ನುಗ್ಗಲಿಲ್ಲ. ತಮ್ಮ ಬಂದಾಗ ನೋಡಿದ, ಏನೂ ಹೇಳಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಅವನು ಫೋನು ಮಾಡಿದ. ದೊಡ್ಡ ಸಾಹೇಬರು ತಾಣ ನೋಡಲು ಬರುತ್ತಿದ್ದಾರೆ, ಆ ಹಲಗೆ ತೆಗೆದು ಒಳಗಿಡು ಎಂದ. ಹೊಸಬರಿಗೆ ಗೊತ್ತಾಗುವುದಿಲ್ಲ, ಬೇಡ ಎಂದಳು.

"ಎರಡು ಗಂಟೆ ಹೊತ್ತು ಅಷ್ಟೇ ಅಕ್ಕ. ಅವ್ರು ಹೋದ್ಮೇಲೆ ಮತ್ತೆ ಇಟ್ಕೋ. ಬೇಕಾದ್ರೆ ಅಷ್ಟು ಹೊತ್ತು ನೀನೇ ಅಲ್ಲಿ ನಿಂತ್ಕೋ."

ಅವಳು ಹಲಗೆ ತೆಗೆದು ಉಗ್ರಾಣದಲ್ಲಿಟ್ಟು, ಬಿಸಿಲಲ್ಲಿ ಆ ಬಾಯಿಯ ಹತ್ತಿರ ನಿಂತಳು. ಹನ್ನೊಂದಕ್ಕೆ ಬರಬೇಕಾದವರು ಬಂದದ್ದು ಹನ್ನೆರಡೂವರೆಗೆ. ಸ್ವಲ್ಪ ಹೊತ್ತಿಗೆ ತಮ್ಮ ಗೇಟಿನಿಂದಲೇ ಕೈಬೀಸಿ ಕರೆದ. ಹೆಂಗಸರ ಶೌಚಾಲಯದ ಪಕ್ಕದ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು. ಅವಳು ಒಮ್ಮೆ ದಾರಿ ನೋಡಿದಳು, ಒಮ್ಮೆ ತಮ್ಮನನ್ನು ನೋಡಿದಳು. ಅವನು ಮತ್ತೆ ಕೈಬೀಸಿದ. ಹೋದಳು.

ಸಾಹೇಬರು ಕೋಣೆಯೊಳಗೆ ಇಣುಕಿ ಸೋಪಿನ ಡಬ್ಬಿಗಳೆಷ್ಟಿವೆ, ಕೈ ಒರೆಸುವ ಕಾಗದ ಯಾಕಿಲ್ಲ ಎಂದೆಲ್ಲ ವಿಚಾರಿಸಿದರು. ಹತ್ತು ನಿಮಿಷ ಆಗಿರಬಹುದು. ಆಗ ಆ ಸದ್ದು ಕೇಳಿಸಿತು.

ಮೇಜು ಕುರ್ಚಿ ಸಾಗಿಸುವ ಸಣ್ಣ ವ್ಯಾನು. ಅದರವನು ಅರ್ಧ ಗಂಟೆ ಮುಂಚೆ ತಾಣಕ್ಕೆ ತಿರುಗುವಾಗ ಗಾಡಿ ನಿಧಾನಿಸಿ, ಇಲ್ಲಿಯ ನೀರು ಕುಡಿಯಬಹುದಾ ಎಂದು ಅವಳನ್ನೇ ಕೇಳಿದ್ದ. ಕುಡೀಬಹುದು ಎಂದಿದ್ದಳು. ಈಗ ತಿರುವಿನಲ್ಲಿ ಇಳಿದು ಬರುತ್ತಿದ್ದ ಟ್ಯಾಂಕರಿನ ಮೂತಿಗೆ ವ್ಯಾನು ಅಂಟಿಕೊಂಡಿತ್ತು. ಕುರ್ಚಿಗಳು ರಸ್ತೆ ತುಂಬ ಬಿದ್ದಿದ್ದವು. ಕೆಲವು ನೆಟ್ಟಗೆ ನಿಂತಿದ್ದವು. ಟ್ಯಾಂಕರಿನವನ ಕಾಲು ಮುರಿದಿತ್ತು. ವ್ಯಾನಿನವನು ಅಲ್ಲೇ ತೀರಿಹೋಗಿದ್ದ.

ಹದಿನೈದು ದಿನದ ಮೇಲೆ ವಿಚಾರಣೆ. ಮೇಜಿನ ಆಚೆ ಮೂವರು ಅಧಿಕಾರಿಗಳು, ಪಕ್ಕದ ಕುರ್ಚಿಯಲ್ಲಿ ತಮ್ಮ. ಅವಳನ್ನು ನಿಲ್ಲಿಸಿಯೇ ಕೇಳಿದರು. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಆ ಜಾಗ ಸರಿಯಿಲ್ಲವೆಂದು ಎರಡು ವರ್ಷದಿಂದ ಹೇಳುತ್ತಿದ್ದೆ ಎಂದಳು. ಯಾರಿಗೆ ಎಂದರು. ಇವನಿಗೆ ಎಂದು ತಮ್ಮನ ಕಡೆ ತೋರಿಸಿದಳು. ತಮ್ಮ ತನ್ನ ಕೈಬೆರಳು ನೋಡಿಕೊಳ್ಳುತ್ತಿದ್ದ. ಲಿಖಿತ ದೂರು ಯಾವುದೂ ಬಂದಿಲ್ಲ ಎಂದ. ಅದು ನಿಜವೂ ಆಗಿತ್ತು. ಹಲಗೆ ಇಡಲು ತಾನು ಅನುಮತಿ ಕೊಟ್ಟಿರಲಿಲ್ಲ ಎಂದ, ಅದೂ ನಿಜ. ತೆಗೆಯಲು ಹೇಳಿದ ಫೋನಿನ ಮಾತು ಮಾತ್ರ ಅವನಿಗೆ ನೆನಪಿರಲಿಲ್ಲ.

ಒಬ್ಬ ಅಧಿಕಾರಿ ಪೆನ್ನು ಕೆಳಗಿಟ್ಟು ಅವಳನ್ನು ಕೇಳಿದ. "ಯಾವಾಗ ಹೇಳ್ತಿದ್ರಿ ಇವರಿಗೆ?"

"ಭಾನುವಾರ. ಊಟಕ್ಕೆ ಕೂತಾಗ."

"ನೋಡಮ್ಮಾ, ಊಟದ ತಟ್ಟೆ ಮುಂದೆ ಹೇಳಿದ್ದು ದೂರು ಆಗಲ್ಲ." ಅವನು ಆ ಮಾತನ್ನು ಬರೆದುಕೊಳ್ಳಲೂ ಇಲ್ಲ.

ಮರುದಿನ ತಮ್ಮ ಅಮ್ಮನನ್ನು ಕರೆದುಕೊಂಡು ಅವಳ ಕೋಣೆಗೆ ಬಂದ. ಒಂದೇ ಕೋಣೆ, ಅಮ್ಮ ಮಂಚದ ಮೇಲೆ ಕೂತಳು, ಅವನು ಬಾಗಿಲಲ್ಲೇ ನಿಂತ. ಟೈಪು ಮಾಡಿದ ಕಾಗದ ತಂದಿದ್ದ. ಹಲಗೆಯನ್ನು ನಾನೇ ನನ್ನಿಷ್ಟದಂತೆ ಇಟ್ಟೆ, ನಾನೇ ನನ್ನಿಷ್ಟದಂತೆ ತೆಗೆದೆ, ಯಾರೂ ಹೇಳಿರಲಿಲ್ಲ ಎಂದು ಅದರಲ್ಲಿತ್ತು. ಸಹಿ ಮಾಡಿದರೆ ಆರು ತಿಂಗಳ ಮೇಲೆ ಬೇರೆ ತಾಣದಲ್ಲಿ ಕೆಲಸ ಕೊಡಿಸುತ್ತೇನೆ ಎಂದ. ಅವಳು ಓದಿ ಮಡಿಸಿದಳು. ಸತ್ತವನ ಹೆಸರೂ ಇದರಲ್ಲಿ ಇಲ್ಲವಲ್ಲ ಎಂದಳು.

ಉತ್ತರ ಕೊಟ್ಟವಳು ಅಮ್ಮ. "ಅವನ ಕೆಲ್ಸ ಹೋದ್ರೆ ಐದು ಜನ ಬೀದಿಗೆ ಬೀಳ್ತೀವಿ ಕಣೇ. ನಿನ್ನ ಕೆಲ್ಸ ಹೋದ್ರೆ ನೀನೊಬ್ಬಳು."

ಅಮ್ಮ ಅದನ್ನು ಕೋಪದಿಂದ ಹೇಳಲಿಲ್ಲ. ಸಂತೆಗೆ ಹೋಗುವಾಗ ಚೀಲ ಹಿಡಿದುಕೋ ಎನ್ನುವ ಹಾಗೆ ಹೇಳಿದಳು. ಮಗಳಿಗೆ ಅಳು ಬಂದದ್ದು ಆಗಲೇ, ಆದರೆ ಅಳಲಿಲ್ಲ. ಕಾಗದವನ್ನು ತಮ್ಮನ ಜೇಬಿಗೆ ತುರುಕಿದಳು.

"ಹೋಗೋ. ನನ್ನ ಕೈಯಿಂದ ಇದಾಗಲ್ಲ. ನೀನೇ ಬರ್ಕೊಂಡಿದ್ದೀಯ, ನೀನೇ ಸಹಿನೂ ಮಾಡ್ಕೋ."

ತಮ್ಮ ಮೂರು ಸಲ ಮತ್ತೆ ಬಂದ. ಒಮ್ಮೆ ಅತ್ತ, ಒಮ್ಮೆ ಹಳೆಯದನ್ನೆಲ್ಲ ನೆನಪಿಸಿದ, ಒಮ್ಮೆ ಅಕ್ಕನಲ್ಲ ನೀನು, ಶನಿ ಎಂದು ಹೇಳಿ ಹೋದ. ಅವಳು ಜಗ್ಗಲಿಲ್ಲ. ಆ ದಿನಗಳಲ್ಲಿ ಅವಳಿಗೆ ಒಂದು ಬಗೆಯ ಧೈರ್ಯವೂ ಇತ್ತು. ತನ್ನ ಸಹಿಯೊಂದಿಲ್ಲದೆ ಅವರ ಬಂಡಿ ಮುಂದೆ ಹೋಗುವುದಿಲ್ಲ, ಕೊನೆಗೆ ಯಾರಾದರೂ ಸರಿಯಾಗಿ ಕೇಳಲೇಬೇಕಾಗುತ್ತದೆ ಎಂದುಕೊಂಡಿದ್ದಳು.

ಬಂಡಿ ಹೋಯಿತು. ವರದಿ ಬಂದಾಗ ಅದರಲ್ಲಿ ಅವಳ ಸಹಿಗೆಂದು ಜಾಗವೇ ಇರಲಿಲ್ಲ. ಕೆಲಸದಿಂದ ತೆಗೆದ ಆದೇಶದ ಜೊತೆಗೆ ಅದರ ಒಂದು ಪುಟ ಅಂಚೆಯಲ್ಲಿ ಬಂತು. 'ಅನಧಿಕೃತ ಫಲಕಕ್ಕೆ ಒಗ್ಗಿಕೊಂಡಿದ್ದ ವಾಹನ ಚಾಲಕರು, ಸದರಿ ಫಲಕವನ್ನು ಸಹಾಯಕಿಯು ಏಕಾಏಕಿ ತೆರವುಗೊಳಿಸಿದ್ದರಿಂದ ಗೊಂದಲಕ್ಕೀಡಾಗಿರುವ ಸಾಧ್ಯತೆ ಇರುತ್ತದೆ.' ಅವಳು ಎರಡು ಸಲ ಓದಿದಳು. ವ್ಯಾನಿನವನು ಆ ದಾರಿಗೆ ಬಂದದ್ದೇ ಮೊದಲ ಸಲ ಎಂದು ಪೊಲೀಸರೇ ಹೇಳಿದ್ದರು. ಮೊದಲ ಸಲ ಬಂದವನು ಒಗ್ಗಿಕೊಳ್ಳುವುದು ಹೇಗೆ ಎಂದು ಕೇಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಮ್ಮನಿಗೆ ವರ್ಷ ಕಳೆಯುವುದರೊಳಗೆ ಬಡ್ತಿ ಸಿಕ್ಕಿತು.

ಅವಳು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಸೇರಿದಳು. ಆವಿ ತುಂಬಿದ ನೆಲಮಾಳಿಗೆ. ಮಧ್ಯಾಹ್ನ ಎರಡರಿಂದ ಅವಳ ಪಾಳಿ. ಹಾಸಿಗೆ ಬಟ್ಟೆ ಮಡಿಸುವಾಗ ಎದುರು ತುದಿ ಹಿಡಿದವಳು ಏನು ಕೇಳಿದರೂ ಅವಳು ಹಿಂದಿನ ಕೆಲಸದ ಸುದ್ದಿ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳ ಕೋಣೆಗೆ ಒಬ್ಬ ಹೆಂಗಸು ಬಂದಳು. ವ್ಯಾನಿನವನ ಹೆಂಡತಿ. ಲಾರಿಯವರನ್ನು ಕೇಳಿ ಕೇಳಿ ವಿಳಾಸ ಹುಡುಕಿದ್ದಳು. ಆಫೀಸಿನವರು ಏನೂ ಸರಿಯಾಗಿ ಹೇಳುತ್ತಿಲ್ಲ, ಅಲ್ಲಿ ಇದ್ದವರು ನೀವು, ನೀವಾದರೂ ಹೇಳಿ ಎಂದಳು.

ಇವಳು ಎಷ್ಟೋ ತಿಂಗಳಿಂದ ಈ ಒಂದು ಮಾತಿಗೆ ಕಾಯುತ್ತಿದ್ದಳು. ಟೀ ಮಾಡಿ ಕೊಟ್ಟು, ಕೆಳಗೆ ಎದುರಾಎದುರು ಕೂತು, ಹಳೆಯ ತಾಣದಿಂದ ಶುರುಮಾಡಿ ಒಂದೂ ಬಿಡದೆ ಹೇಳಿದಳು. ಪಕ್ಕಪಕ್ಕದ ಬಾಯಿಗಳು, ಭಾನುವಾರದ ಮಾತು, ಹಲಗೆ, ಬುಧವಾರದ ಫೋನು, ಸಾಹೇಬರ ಸೋಪಿನ ಡಬ್ಬಿ, ತಮ್ಮ ತಂದ ಕಾಗದ. ತಮ್ಮನನ್ನು ಕಾಪಾಡಲಿಲ್ಲ, ತನ್ನನ್ನೂ ಕಾಪಾಡಿಕೊಳ್ಳಲಿಲ್ಲ. ಆ ಹೆಂಗಸು ನಡುವೆ ಬಾಯಿ ಹಾಕದೆ ಕೇಳಿದಳು.

"ಅವರು ಯಾರ ಹತ್ರಾನೂ ದಾರಿ ಕೇಳೋರಲ್ಲ," ಎಂದಳು ಕೊನೆಗೆ. "ನಾಚಿಕೆ. ಬೋರ್ಡು ಇದ್ರೆ ಮಾತ್ರ ನಿಂತು ಪೂರ್ತಿ ಓದ್ತಿದ್ರು."

ಟೀ ಒಂದು ಗುಟುಕು ಕುಡಿದು ಆ ಹೆಂಗಸೇ ಮುಂದುವರಿಸಿದಳು.

"ಹಾಗಾದ್ರೆ ಅದನ್ನ ತೆಗೆದದ್ದು ನೀವೇ."

ತಮ್ಮನ ಫೋನು, ಎರಡು ಗಂಟೆ ಹೊತ್ತು, ಬೀಗದ ಕೈ, ಎಲ್ಲವನ್ನೂ ಈಗಷ್ಟೇ ಹೇಳಿ ಮುಗಿಸಿದ್ದಳು. ಮತ್ತೊಮ್ಮೆ ಹೇಳಬಹುದಿತ್ತು. ಆ ಹೆಂಗಸಿನ ಮುಖ ನೋಡಿದರೆ ಅವಳು ಬೈಯಲು ಬಂದವಳಲ್ಲ, ಜಗಳಕ್ಕೂ ಬಂದವಳಲ್ಲ. ತಿಳಿದುಕೊಳ್ಳಲು ಬಂದವಳು, ತಿಳಿದುಕೊಂಡಳು.

"ಹೌದು. ನಾನೇ," ಎಂದಳು.

ಹೆಂಗಸು ಟೀ ಪೂರ್ತಿ ಕುಡಿದು ಲೋಟವನ್ನು ಗೋಡೆಯ ಪಕ್ಕ ಸರಿಸಿಟ್ಟಳು. ಮಕ್ಕಳು ಶಾಲೆಯಿಂದ ಬರುವಷ್ಟರಲ್ಲಿ ಮನೆ ಸೇರಬೇಕು ಎಂದು ಎದ್ದಳು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುವಾಗ ಒಮ್ಮೆ ಆಯ ತಪ್ಪಿ ಇವಳ ಭುಜ ಹಿಡಿದುಕೊಂಡಳು, ತಕ್ಷಣ ಕೈ ತೆಗೆದಳು.

ಅವಳು ಹೋದ ಮೇಲೆ ಇವಳು ಬಹಳ ಹೊತ್ತು ಕೂತೇ ಇದ್ದಳು. ಬೈದಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ. ಒಂದೂಮುಕ್ಕಾಲಿಗೆ ಎದ್ದು ಬಾಗಿಲಿಗೆ ಬೀಗ ಹಾಕಿ ಪಾಳಿಗೆ ಹೊರಟಳು.