ಮೂರು ಹೊತ್ತು

"ಏಯ್ ಕೊಳೆತಿದ್ದರ ಮಹಾರಾಣಿ, ಕುಂಡಿ ಎತ್ತೇ. ದೊಡ್ಡೋರು ಬರ್ತಿದಾರೆ."

ಮೇಸ್ತ್ರಿ ಬುಟ್ಟಿಗೆ ಒದ್ದ. ಟೊಮೆಟೊಗಳು ಚೆಲ್ಲಾಪಿಲ್ಲಿಯಾದವು. ಅರ್ಧಕ್ಕ ಏಳಲಿಲ್ಲ. ಉರುಳಿ ಬಂದ ಒಂದನ್ನು ಹಿಡಿದು, ಮೆತ್ತಗಿದ್ದ ಕಡೆ ಹೆಬ್ಬೆರಳಿಟ್ಟು ನೋಡಿ, ಚಕ್ಕನೆ ಸೀಳಿ ಕೆಟ್ಟದ್ದನ್ನು ಅವನ ಚಪ್ಪಲಿಯ ಪಕ್ಕಕ್ಕೇ ಎಸೆದಳು.

ಸಗಟು ತರಕಾರಿ ಮಾರುಕಟ್ಟೆಯ ಹಿಂದಿನ ಅಂಗಳ ಅದು. ಕೊಳೆಯತೊಡಗಿದ ಮಾಲನ್ನು ಲಾರಿಯವರು ಅಲ್ಲಿ ಸುರಿದು ಹೋಗುತ್ತಿದ್ದರು. ಹನ್ನೊಂದು ಹೆಂಗಸರು ಸಾಲಾಗಿ ಕೂತು ಕೊಳೆತ ಅರ್ಧ ಕತ್ತರಿಸಿ, ಒಳ್ಳೆಯ ಅರ್ಧ ಉಳಿಸುತ್ತಿದ್ದರು. ನೋಡುವಂತಿದ್ದದ್ದು ಸಣ್ಣ ಹೋಟೆಲುಗಳಿಗೆ, ಮಿಕ್ಕಿದ್ದು ಅವರವರ ಮನೆಯ ಪಾತ್ರೆಗೆ. ಕುಂಬಳಕಾಯಿಯನ್ನು ಬೆರಳ ಗೆಣ್ಣಿನಿಂದ ಬಡಿದೇ ಕೊಳೆ ಎಲ್ಲಿಯವರೆಗೆ ಇಳಿದಿದೆ ಎಂದು ಹೇಳಬಲ್ಲವಳು ಇವಳೊಬ್ಬಳೇ. ಅದಕ್ಕೇ ಇವಳಿಗೆ ಅರ್ಧಕ್ಕ ಎಂಬ ಹೆಸರು.

ಅವತ್ತು ಅವಳ ಬಲಕ್ಕೆ ಐದು ತಿಂಗಳ ಬಸುರಿ ಸೊಸೆ. ಎಡಕ್ಕೆ ಬೀಗಿತಿ. ಮಗ ಲಾರಿ ಹತ್ತಿ ಹೋದವನು ಎಂದು ಬರುವನೋ ತಿಳಿಯದು. ಮನೆಯಲ್ಲಿ ಇವರಿಬ್ಬರೇ. ಮಗಳನ್ನು ನೋಡಲೆಂದು ಹಿಂದಿನ ದಿನ ಬಂದಿದ್ದ ಬೀಗಿತಿ ನೋಡಿದ್ದು ಮಗಳ ಮುಖವನ್ನಲ್ಲ, ಮುಂಗೈಯನ್ನು.

"ನಮ್ಮನೇಲಿದ್ದಾಗ ಈ ಬಳೆ ಬಿಗಿ ಇತ್ತು ಬೀಗ್ರೇ. ಈಗ ಮೊಣಕೈವರೆಗೂ ಸವಾರಿ ಹೋಗ್ತದೆ. ನಾಳೆ ನನ್ನ ಜೊತೇಲೇ ಕರ್ಕೊಂಡು ಹೋಗ್ಲಾ ಅಂತಿದೀನಿ."

"ಬಸುರೀಲಿ ಹಂಗೇ ಬಿಡಿ," ಎಂದಿದ್ದಳು ಅರ್ಧಕ್ಕ. ಹೋದರೆ ಸೊಸೆ ವಾಪಸ್ ಬರುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಹುಟ್ಟುವ ಕೂಸೂ ಬರುವುದಿಲ್ಲ.

ದೊಡ್ಡವರು ಬಂದರು. ಬಿಳಿ ಬೂಟಿನ ಪ್ರೊಫೆಸರ್, ಜೊತೆಗೆ ಟ್ಯಾಬ್ ಹಿಡಿದ ಹುಡುಗಿ.

"ನಗರದ ಆಹಾರ ವ್ಯವಸ್ಥೆ ಬಗ್ಗೆ ರಿಸರ್ಚ್ ಮಾಡ್ತಿದೀವಮ್ಮಾ," ಎಂದರು ಪ್ರೊಫೆಸರ್, ಕೊಳೆತ ಕೋಸನ್ನು ದಾಟುತ್ತ.

"ಲೇಟಾಗಿ ಎಂಟ್ರಿ ಕೊಟ್ರಿ ಸಾರ್," ಎಂದಳು ಸಾಲಿನ ತುದಿಯಲ್ಲಿದ್ದ ಸಿನಿಮಾ. ಬಾಯಿ ಬಿಟ್ಟರೆ ಡೈಲಾಗೇ, ಅದಕ್ಕೇ ಆ ಹೆಸರು. "ಇಲ್ಲಿ ಹೀರೋ ಸತ್ತು ಮೂರು ದಿನ ಆಯ್ತು. ವಾಸ್ನೆ ಬರ್ತಿಲ್ವಾ?"

"ಮುಚ್ಚೇ ಬಾಯಿ, ಮುಂಡೇದೇ," ಎಂದ ಮೇಸ್ತ್ರಿ.

ಹುಡುಗಿ ಅರ್ಧಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಮ್ಮಾ, ಹೋದ ತಿಂಗಳು ನಿಮ್ಮನೇಲಿ ಯಾರಾದ್ರೂ ಊಟ ಇಲ್ದೆ ಮಲಗಿದ್ದುಂಟಾ?"

ಕೋಸಿನ ಎಲೆ ಬಿಡಿಸುತ್ತಿದ್ದ ಬೀಗಿತಿಯ ಕೈ ನಿಂತಿತು.

"ಛೇ, ಅದೇನ್ ಮಾತು ಮಗಾ," ಎಂದಳು ಅರ್ಧಕ್ಕ. "ಮೂರು ಹೊತ್ತೂ ಊಟ. ಸೊಸೆಗೆ ನಾಲ್ಕು. ಬೇಡ ಅಂದ್ರೂ ನಾನ್ ಬಿಡಲ್ಲ."

ಸೊಸೆ ತಲೆ ಎತ್ತದೆ ಕ್ಯಾರೆಟ್ ಕತ್ತರಿಸಿದಳು. ಆ ಮನೆಯಲ್ಲಿ ಒಲೆ ಹತ್ತುತ್ತಿದ್ದದ್ದು ದಿನಕ್ಕೊಮ್ಮೆ. ಅದರಲ್ಲೂ ಅತ್ತೆ 'ನಂದಾಯ್ತು' ಎಂದು ತಟ್ಟೆಯನ್ನು ಇವಳ ಕಡೆಗೇ ಸರಿಸುತ್ತಿದ್ದಳು.

ಅರ್ಧಕ್ಕನದು ಮೂರು ಹೊತ್ತಾದರೆ ಮಿಕ್ಕವರದು ಎರಡಾಗುವುದು ಹೇಗೆ? ಬೀಗಿತಿಯ ಮುಂದೆ ಸಾಲಿನ ಮರ್ಯಾದೆ ಹೋಗಬೇಕೇ?

"ನಮ್ದೂ ಮೂರೇ. ಮಿಕ್ಕಿದ್ದು ನಾಯಿಗೆ."

"ನಾಯೀನೇ ಬೇಡ ಅಂತದೆ ನಮ್ಮನೇದು."

"ತಿಂದು ತಿಂದು ದವಡೆ ನೋವು ನಂಗೆ, ಅದನ್ನೂ ಬರ್ಕೊ," ಎಂದಳು ಸಿನಿಮಾ. ಸಾಲಿಗೆ ಸಾಲೇ ನಕ್ಕಿತು. ಹುಡುಗಿಯ ಬೆರಳು ಟ್ಯಾಬಿನ ಮೇಲೆ ಒಂದೇ ಜಾಗವನ್ನು ಹನ್ನೊಂದು ಸಲ ಒತ್ತಿತು.

ಸಂಜೆ ಬೀಗಿತಿ ಒಬ್ಬಳೇ ಹೋದಳು.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅಂಗಳದ ಸುತ್ತ ತಂತಿಬೇಲಿ ನಿಂತಿತ್ತು. ಒಳಗೊಂದು ಹೊಸ ಮಿಷನ್.

"ಕಾಲಿಟ್ರೆ ಕಾಲು ಮುರೀತೀನಿ," ಎಂದ ಮೇಸ್ತ್ರಿ. "ಇನ್ಮೇಲೆ ಕೊಳೆತಿದ್ದೆಲ್ಲ ಗ್ಯಾಸ್ ಮಾಡಕ್ಕೆ."

"ನಾವೇನ್ ಮಣ್ಣು ತಿನ್ನಾಣಾ?"

"ನಿಮಗೇನ್ ಬಂದಿದೆ ರೋಗ? ಮೂರು ಹೊತ್ತು ಗಡದ್ದಾಗಿ ತಿಂತೀರಂತೆ. ಕಾಲೇಜಿನೋರು ಬರೆದು ಮೇಲಕ್ಕೆ ಕಳಿಸಿದಾರೆ. ಇದು ನಿಮಗೆ ಟೈಂಪಾಸಂತೆ. ನಡೀರಿ."

ಬೇಲಿಯಾಚೆ ಮಿಷನ್ ಇಡೀ ಇಡೀ ಕುಂಬಳಕಾಯಿ ನುಂಗುತ್ತಿತ್ತು. ಒಳ್ಳೆಯ ಅರ್ಧವನ್ನೂ.

ಮೂರನೇ ವಾರ ಅರ್ಧಕ್ಕ ತಾನೇ ಹೇಳಿ ಕಳಿಸಿ ಬೀಗಿತಿಯನ್ನು ಕರೆಸಿದಳು. ತಾನೇ ಸೊಸೆಯ ಬಟ್ಟೆ ಮಡಿಸಿದಳು. ಬೀಗಿತಿ ಬಯ್ಯಲಿಲ್ಲ. ಬೋರಲು ಹಾಕಿದ ಪಾತ್ರೆಗಳನ್ನು ಒಂದು ಸಲ ನೋಡಿದಳು, ಅಷ್ಟೇ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

"ಹೆರಿಗೆ ಆದ್ಮೇಲೆ ಕಳಿಸ್ತೀರಲ್ವಾ ಬೀಗ್ರೇ?"

"ಒಲೆ ಹತ್ತಿದ ಸುದ್ದಿ ಬರ್ಲಿ. ನೋಡೋಣ."

ಸೊಸೆ ಅತ್ತೆಯ ಕೈ ಬಿಡಲಿಲ್ಲ. ಅರ್ಧಕ್ಕನೇ ಒಂದೊಂದಾಗಿ ಬೆರಳು ಬಿಡಿಸಿದಳು.

ಮರುದಿನ ಮಧ್ಯಾಹ್ನ ಹನ್ನೊಂದು ಜನವೂ ಕಾಲೇಜಿಗೆ ನಡೆದರು. ಸಭಾಂಗಣದಲ್ಲಿ ಯಾವುದೋ ದೊಡ್ಡ ಸಭೆ ಮುಗಿದು ಊಟ ನಡೆದಿತ್ತು. ಪ್ರೊಫೆಸರ್ ಗುರುತು ಹಿಡಿದು ನಕ್ಕರು.

"ನಾನು ಸುಳ್ಳು ಹೇಳ್ದೆ ಸಾರ್," ಎಂದಳು ಅರ್ಧಕ್ಕ. "ಬೀಗಿತಿ ಪಕ್ಕದಲ್ಲೇ ಕೂತಿದ್ಲು. ಅವಳೆದ್ರಿಗೆ ಬಾಯಿ ಬರ್ಲಿಲ್ಲ. ನಮ್ದು ಒಂದೇ ಹೊತ್ತು. ಈಗ ಅದೂ ಇಲ್ಲ. ತಿದ್ದಿ."

"ಅದು ಪ್ರಿಂಟ್ ಆಗೋಯ್ತಲ್ಲಮ್ಮಾ." ಪ್ರೊಫೆಸರ್ ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವಿಗೆ ಹೇಳುವ ತಾಳ್ಮೆಯಿತ್ತು. "ಅಲ್ದೆ ಹಸಿವಿನ ಮೇಲೆ ಈಗ ಯಾರೂ ಕೆಲ್ಸ ಮಾಡ್ತಿಲ್ಲ. ಅದು ಹಳೇ ಟ್ರೆಂಡು. ಈಗ ರಿಸರ್ಚೆಲ್ಲ ವೇಸ್ಟ್ ಮೇಲೆ."

"ಟ್ರೆಂಡ್ ಹೋಯ್ತು ಅಂತ ಹೊಟ್ಟೆಗ್ಯಾರೂ ಹೇಳ್ಲಿಲ್ಲ ಸಾರ್," ಎಂದಳು ಸಿನಿಮಾ.

ಯಾರೋ ನಕ್ಕರು, ತಕ್ಷಣ ಕೆಮ್ಮಿದರು. ಸಿನಿಮಾ ನಗಲಿಲ್ಲ.

"ಆಯ್ತು, ಬಂದಿದೀರಿ, ಊಟ ಮಾಡ್ಕೊಂಡು ಹೋಗಿ." ಪ್ರೊಫೆಸರ್ ಸನ್ನೆ ಮಾಡಿದರು. ಹನ್ನೊಂದು ತಟ್ಟೆ ಬಂದವು, ಅನ್ನ ರಾಶಿ ಹಾಕಿಸಿಕೊಂಡು. ಹಬೆ ಮೂಗಿಗೆ ಬಡಿದು ಅರ್ಧಕ್ಕನಿಗೆ ಕಣ್ಣು ಕತ್ತಲೆ ಬಂತು. ತಟ್ಟೆಯನ್ನು ನೆಲಕ್ಕಿಟ್ಟು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಎರಡೂ ಕೈ ಮಡಿಲಲ್ಲಿ. ಮಿಕ್ಕವರೂ ಹಾಗೇ ಸಾಲಾಗಿ ಕೂತರು.

"ತಿನ್ನಿ ಅಮ್ಮಾ," ಎಂದಳು ಟ್ಯಾಬ್ ಹುಡುಗಿ.

"ಮೊದ್ಲು ಬರ್ಕೊ ಮಗಾ. ತಿಂದ್ಮೇಲೆ ಹೇಳಿದ್ರೆ ಇದೂ ಸುಳ್ಳಾಗ್ತದೆ."

ಹುಡುಗಿ ಟ್ಯಾಬ್ ತೆಗೆಯಲು ಬ್ಯಾಗಿಗೆ ಕೈ ಹಾಕಿದಳು. ಪ್ರೊಫೆಸರ್ ಆ ಕೈ ಹಿಡಿದರು. ಬಾಗಿಲ ಕಡೆ ನೋಡಿ ಯಾರನ್ನೋ ಕರೆದರು.

"ನಿನ್ನೆ ಬೆಳಗ್ಗೆ ಇಲ್ಲ," ಎಂದಳು ಅರ್ಧಕ್ಕ, ಇಡೀ ಸಭಾಂಗಣಕ್ಕೆ ಕೇಳುವಂತೆ. "ಮಧ್ಯಾಹ್ನ ಇಲ್ಲ. ರಾತ್ರಿ ನೀರು."

ಊಟ ಮಾಡುತ್ತಿದ್ದವರ ಚಮಚಗಳು ನಿಂತವು. ತಟ್ಟೆಗಳ ಮೇಲಿನ ಹಬೆ ತೆಳ್ಳಗಾಗುತ್ತಿತ್ತು. ಕಾವಲುಗಾರನ ಕೈ ಅವಳ ಹೆಗಲ ಮೇಲೆ ಬಿತ್ತು.

"ಮೊನ್ನೆ," ಎಂದಳು ಅರ್ಧಕ್ಕ.